ಮುರಳೀಧರನ ಗ್ಯಾರೇಜಿಗೆ ಬಂದ ಗಣಪತಿಗಳು

ಮನೆಗೆ ಬರುವ ಕಾಗದದಲ್ಲಿ ಎರಡು ಜಾತಿ. ಎಸೆಯಬಹುದಾದದ್ದು ಒಂದು, ಎಸೆಯಬಾರದ್ದು ಇನ್ನೊಂದು. ಕರೆಂಟ್ ಬಿಲ್ಲು, ಪಿಜ್ಜಾ ಅಂಗಡಿಯ ಕೂಪನ್ನು, ಹಲ್ಲಿನ ಡಾಕ್ಟರರ ಜಾಹೀರಾತು ಮೊದಲನೆಯ ಜಾತಿಗೆ ಸೇರಿದವು. ಮೂಲೆಯಲ್ಲಿ ಹೆಬ್ಬೆರಳಿನಷ್ಟು ಗಣಪತಿ ಇದ್ದರೂ ಸಾಕು, ಆ ಕಾಗದಕ್ಕೆ ಜಾತಿ ಬದಲಾಗಿಬಿಡುತ್ತದೆ. ಮದುವೆಯ ಕರೆಯೋಲೆ, ಗೃಹಪ್ರವೇಶದ ಆಹ್ವಾನ, ದೇವಸ್ಥಾನದ ಕ್ಯಾಲೆಂಡರು, ಹಳೆಯ ಪಂಚಾಂಗ, ಇವನ್ನು ಕಸದ ಬುಟ್ಟಿಗೆ ಹಾಕುವ ಧೈರ್ಯ ಯಾವ ಕನ್ನಡಿಗನಿಗೂ ಇಲ್ಲ, ಅವನು ಎಷ್ಟೇ ವಿಚಾರವಾದಿಯಾಗಿರಲಿ.

ಊರಿನಲ್ಲಾದರೆ ಇಂಥವನ್ನು ಹೊಳೆಗೆ ಬಿಡುತ್ತಾರೆ. ಅಮೆರಿಕದ ಜಾರ್ಜಿಯಾದಲ್ಲಿ, ಅಟ್ಲಾಂಟಾ ಪಕ್ಕದ ಲಾರೆನ್ಸ್‌ವಿಲ್‌ನಲ್ಲಿ ಹೊಳೆಗೆ ಕಾಗದ ಬಿಟ್ಟರೆ ದಂಡ ಹಾಕುತ್ತಾರೆ. ಆದ್ದರಿಂದ ಅಲ್ಲಿನ ನಮ್ಮವರ ಒಂದೊಂದು ಮನೆಯಲ್ಲೂ ಬಟ್ಟೆ ಇಡುವ ಕ್ಲಾಸೆಟ್ಟಿನ ಮೇಲಿನ ಹಲಗೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇರುತ್ತದೆ. ಮನೆ ಬದಲಾಯಿಸಿದಾಗ ಸೋಫಾ ಬಿಟ್ಟು ಹೋಗುತ್ತಾರೆ, ಪೆಟ್ಟಿಗೆ ಬಿಟ್ಟು ಹೋಗುವುದಿಲ್ಲ. ಅದರ ವಿಷಯ ಯಾರೂ ಮಾತಾಡುವುದೂ ಇಲ್ಲ.

ಈ ಸತ್ಯ ಗೊತ್ತಿಲ್ಲದ ಕನ್ನಡಿಗ ಅಟ್ಲಾಂಟಾದ ಸುತ್ತಮುತ್ತ ಒಬ್ಬನೇ ಇದ್ದ. ಅವನೇ ನಮ್ಮ ಮುರಳೀಧರ. ಅವನ ಮನೆಯ ಪೆಟ್ಟಿಗೆಯನ್ನು ನೋಡಿಕೊಳ್ಳುತ್ತಿದ್ದವಳು ಹೆಂಡತಿ ಕಾತ್ಯಾಯಿನಿ.

ಮುರಳೀಧರ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರ ತಪ್ಪು ಹುಡುಕುವುದೇ ದಿನವಿಡೀ ಕೆಲಸವಾದ್ದರಿಂದ ತನ್ನದನ್ನು ನೋಡಿಕೊಳ್ಳಲು ಅವನಿಗೆ ಪುರಸೊತ್ತು ಸಿಕ್ಕಿರಲಿಲ್ಲ. ಕೋವಿಡ್ ಕಾಲದಲ್ಲಿ ಬ್ರೆಡ್ ಸುಡುವ ಹುಚ್ಚು ಹಿಡಿದಿತ್ತು. ಅದು ಬಿಟ್ಟಮೇಲೆ ಜೇನು ಸಾಕಿದ. ಆ ಹುಚ್ಚನ್ನು ಅವನು ಬಿಡುವ ಮೊದಲೇ ಜೇನುನೊಣಗಳು ಅವನನ್ನು ಬಿಟ್ಟು ಹೋದವು. ಈ ವಸಂತದಲ್ಲಿ ಅವನು ಒಂದು ವಿಡಿಯೋ ನೋಡಿದ. ಹಳೆಯ ಕಾಗದವನ್ನು ನೀರಿನಲ್ಲಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಲೋಟದ ಸುತ್ತ ಒತ್ತಿ ಒಣಗಿಸಿದರೆ ಸಸಿ ಬೆಳೆಸುವ ಪುಟ್ಟ ಕುಂಡ ಸಿದ್ಧ. ಸಸಿಯನ್ನು ಕುಂಡದ ಸಮೇತ ನೆಲದಲ್ಲಿ ನೆಟ್ಟುಬಿಡಬಹುದು; ಕುಂಡ ಕರಗಿ ಮಣ್ಣಾಗುತ್ತದೆ, ಬೇರಿಗೆ ನೋವಿಲ್ಲ, ಭೂಮಿಗೆ ಪ್ಲಾಸ್ಟಿಕ್ಕಿಲ್ಲ.

ಅಂದೇ ಮನೆಗೆ ಬಂದಿದ್ದ ಜಾಹೀರಾತುಗಳನ್ನೆಲ್ಲ ನೆನೆಸಿ, ಕೈಯಲ್ಲೇ ಹಿಸುಕಿ ಮೂರು ಕುಂಡ ಮಾಡಿದ. ಮೂರೂ ನೆಟ್ಟಗೆ ನಿಂತವು. ಮುರಳೀಧರ ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದ. ಕುಣಿದ ದಣಿವು ಆರುವ ಮೊದಲೇ ಬೆಂಗಳೂರಿಗೆ ಫೋನ್ ಮಾಡಿದ. ಆಮೇಲೆ ಹೆಂಡತಿಯನ್ನು ಕೂಗಿದ.

"ಕಾತ್ಯಾಯಿನಿ! ನಿನ್ನ ಅರಿಶಿನ-ಕುಂಕುಮದ ರಿಟರ್ನ್ ಗಿಫ್ಟ್ ಪ್ರಾಬ್ಲಮ್ ಸಾಲ್ವ್ ಮಾಡ್ಬಿಟ್ಟೆ!"

"ಅದ್ರಲ್ಲಿ ಪ್ರಾಬ್ಲಮ್ ಏನಿತ್ತು? ಜರ್ಮನ್ ಸಿಲ್ವರ್ ಬಟ್ಟಲು ಬರ್ತಾ ಇದೆಯಲ್ಲ, ಬೆಂಗಳೂರಿಂದ ಬರೋ ರವಿಶಂಕರ್ ಜೊತೆ."

"ಬರ್ತಿಲ್ಲ. ಈಗ್ಲೇ ಫೋನ್ ಮಾಡಿ ಬೇಡ ಅಂದೆ. ಬಟ್ಟಲು ಯಾರಿಗ್ ಬೇಕು? ಒಬ್ಬೊಬ್ಬರಿಗೂ ಒಂದೊಂದು ಬದನೆ ಸಸಿ ಕೊಡೋಣ, ನಾನು ಮಾಡಿದ ಪೇಪರ್ ಕುಂಡದಲ್ಲಿ! ಝೀರೋ ಪ್ಲಾಸ್ಟಿಕ್! ಕಿಟಕಿ ಹತ್ರ ಟ್ರೇ ತುಂಬ ಸಸಿ ಎದ್ದಿವೆ, ಇನ್ನು ಕುಂಡ ಒಂದೇ ಬಾಕಿ."

ಇಲ್ಲಿ ಒಂದು ಮಾತು ಹೇಳಬೇಕು. ಚೈತ್ರಗೌರಿಯ ಅರಿಶಿನ-ಕುಂಕುಮ ಎಂದರೆ ಅಟ್ಲಾಂಟಾದಲ್ಲಿ ಬರೀ ಅರಿಶಿನ-ಕುಂಕುಮವಲ್ಲ. ಹೋದ ವರ್ಷ ಪಕ್ಕದ ಊರಾದ ಡುಲುತ್‌ನ ಯಾಮಿನಿ ಪ್ರತಿಯೊಬ್ಬರಿಗೂ ಅವರವರ ಹೆಸರು ಕೆತ್ತಿಸಿದ ಕುಂಕುಮದ ಭರಣಿ ಕೊಟ್ಟಿದ್ದಳು. ಅಂದಿನಿಂದ ಕಾತ್ಯಾಯಿನಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಅವಳು ಕುರ್ಚಿ ಎಳೆದುಕೊಂಡು ಕುಳಿತಳು. "ರೀ, ಮುಂದಿನ ವಾರ ಆದ್ಮೇಲಿನ ಭಾನುವಾರ ನಲವತ್ತು ಜನ ಬರ್ತಾರೆ. ಅದ್ರಲ್ಲಿ ಯಾಮಿನಿನೂ ಬರ್ತಾಳೆ. ಅವ್ರನ್ನ ಬರೀ ಎಲೆ ಅಡಿಕೆ ಕೊಟ್ಟು ಕಳಿಸೋ ಹಾಗಾದ್ರೆ ನಾನು ಈ ಊರಲ್ಲಿ ಮುಖ ಎತ್ತೋ ಹಾಗಿಲ್ಲ. ಮನೆ ಮಾರಿ ರಾಕ್‌ವಿಲ್‌ಗೆ, ನಿಮ್ಮಕ್ಕನ ಮನೆ ಬೇಸ್‌ಮೆಂಟಿಗೆ ಹೋಗ್ಬೇಕಾಗತ್ತೆ. ಗೊತ್ತಾಯ್ತಾ?"

"ಗೊತ್ತಾಯ್ತು."

"ನನ್ನ ಮಿಕ್ಸಿ ಮುಟ್ಟಬೇಡಿ. ಅಮ್ಮ ಕೊಟ್ಟಿದ್ದು."

"ಮುಟ್ಟಲ್ಲ," ಎಂದ ಮುರಳೀಧರ, ಆಗಲೇ ಮಿಕ್ಸಿಯ ಕಡೆ ನೋಡುತ್ತ.

ಈಗ ಕಾಗದ ಬೇಕು. ಇಂದಿನ ದಿನ ನ್ಯೂಸ್‌ಪೇಪರ್ ತರಿಸುವವರು ಯಾರು? ಮುರಳೀಧರ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಹೀಗೆ ಬರೆದ: "ಮಿತ್ರರೇ, ನಿಮ್ಮ ಮನೆಯ ಹಳೆಯ ಕಾಗದವನ್ನು ಕಸಕ್ಕೆ ಹಾಕಬೇಡಿ. ನನಗೆ ಕೊಡಿ. ನಾನು ಅದನ್ನು ನೀರಿನಲ್ಲಿ ಮುಳುಗಿಸಿ, ಮಣ್ಣಿಗೆ ಸೇರಿಸಿ, ಅದರಿಂದ ಒಂದು ಗಿಡ ಹುಟ್ಟುವಂತೆ ಮಾಡುತ್ತೇನೆ. ಒಂದು ಚೂರೂ ಕಸಕ್ಕೆ ಹೋಗುವುದಿಲ್ಲ."

ಐದು ನಿಮಿಷದಲ್ಲಿ ಉತ್ತರಗಳು ಸುರಿದವು. ಒಂದೂ ಮಾತಿಲ್ಲ, ಎಲ್ಲ ಕೈಮುಗಿದ ಚಿತ್ರಗಳೇ. ಮುರಳೀಧರನ ಕಣ್ಣಲ್ಲಿ ನೀರು ಬಂತು. "ನೋಡು ಕಾತ್ಯಾಯಿನಿ, ನಮ್ಮ ಜನಕ್ಕೆ ಪರಿಸರದ ಮೇಲೆ ಎಷ್ಟು ಕಾಳಜಿ!"

ಮರುದಿನ ಬೆಳಗ್ಗೆ ಮೊದಲು ಬಂದವರು ಡಾಕ್ಟರ್ ಗುರುದತ್ತ ಅಂಕಲ್ ಮತ್ತು ಸಾವಿತ್ರಿ ಆಂಟಿ. ಅಂಕಲ್ ಎಪ್ಪತ್ತರ ದಶಕದಲ್ಲಿ ಬಂದು ನೆಲೆನಿಂತ ಹೃದಯದ ಡಾಕ್ಟರು, ಈಗ ನಿವೃತ್ತರು. ಅಟ್ಲಾಂಟಾದಲ್ಲಿ ಕನ್ನಡಿಗರ ಯಾವ ಮದುವೆಯ ಕರೆಯೋಲೆಯೂ ಅವರಿಗೆ ತಪ್ಪಿದ್ದಿಲ್ಲ. ಸ್ನಾನ ಮಾಡಿ, ಹಣೆಗೆ ಗಂಧ ಇಟ್ಟು, ಪಂಚೆಯ ಮೇಲೆ ಜಾಕೆಟ್ ಹಾಕಿದ್ದರು. ವ್ಯಾನಿನ ತುಂಬ ಪೆಟ್ಟಿಗೆ.

"ಐವತ್ತು ವರ್ಷದಿಂದ ಕಾಯ್ತಿದ್ದೆ ಕಣಯ್ಯ," ಎಂದರು, ಗ್ಯಾರೇಜಿನ ಹೊರಗೆ ಚಪ್ಪಲಿ ಬಿಡುತ್ತ. "ಇಷ್ಟು ಜನ ಇಂಜಿನಿಯರ್ಸ್ ಇದೀರ ಇಲ್ಲಿ, ಒಬ್ಬನಿಗಾದ್ರೂ ಹೊಳೀಲಿಲ್ಲ ನೋಡು. ಯಾವ ನೀರು ಉಪಯೋಗಿಸ್ತೀಯ?"

"ನಲ್ಲಿ ನೀರೇ ಅಂಕಲ್. ಸ್ವಲ್ಪ ಬೆಚ್ಚಗಿದ್ರೆ ಚೆನ್ನಾಗಿ ನೆನೆಯತ್ತೆ."

"ಭೇಷ್. ಎಷ್ಟು ಹೊತ್ತಿಗೆ ಮಾಡ್ತೀಯ?"

"ಬೆಳಗ್ಗೆನೇ, ಆಫೀಸ್ ಮೀಟಿಂಗ್ ಶುರು ಆಗೋ ಮುಂಚೆ."

"ಏನೂ ತಿನ್ನದೇನಾ?"

ಇದೇಕೆ ಕೇಳುತ್ತಾರೆಂದು ಮುರಳೀಧರನಿಗೆ ತಿಳಿಯಲಿಲ್ಲ. ಡಾಕ್ಟರಲ್ಲವೇ, ಆರೋಗ್ಯದ ವಿಚಾರವಿರಬೇಕು ಎಂದುಕೊಂಡ. "ಕಾಫಿ ಒಂದು ಕುಡೀತೀನಿ ಅಂಕಲ್."

"ಕಾಫಿ ಆಗತ್ತೆ, ದ್ರವ ಪದಾರ್ಥ," ಎಂದು ಅಂಕಲ್ ವಿನಾಯಿತಿ ಕೊಟ್ಟರು. "ನೀರಲ್ಲಿ ಯಾವ ಕಡೆಗೆ ತಿರುಗಿಸ್ತೀಯ?"

"ತಿರುಗಿಸೋದಾ? ಎಡದಿಂದ ಬಲಕ್ಕೆ, ಗಡಿಯಾರದ ಥರ."

"ಪ್ರದಕ್ಷಿಣೆ!" ಎಂದು ಅಂಕಲ್ ಹೆಂಡತಿಯ ಕಡೆ ತಿರುಗಿದರು. "ಕೇಳಿದ್ಯೇನೆ ಸಾವಿತ್ರಿ? ಎಲ್ಲಾ ಕ್ರಮವಾಗಿ ಮಾಡ್ತಾನೆ ಹುಡುಗ."

ಸಾವಿತ್ರಿ ಆಂಟಿ ಬಕೆಟ್ಟಿಗೆ ಕೈಮುಗಿದು, ಮುರಳೀಧರನ ತಲೆಯ ಮೇಲೆ ಅಕ್ಷತೆ ಹಾಕಿದರು. "ನಮ್ಮ ಮಕ್ಕಳು ನಾವು ಹೋದ್ಮೇಲೆ ಇವನ್ನೆಲ್ಲ ಡಂಪ್‌ಸ್ಟರಿಗೆ ಹಾಕ್ಬಿಡ್ತಾರೆ ಅಂತ ಎಷ್ಟು ಭಯ ಇತ್ತಪ್ಪ ನಂಗೆ. ನೀನು ಚೆನ್ನಾಗಿರು," ಎಂದು ಅತ್ತೇಬಿಟ್ಟರು.

ಅವರು ಹೋದ ಮೇಲೆ ಮುರಳೀಧರ ಪೆಟ್ಟಿಗೆ ತೆರೆದ. ಒಳಗಿನಿಂದ ಗಣಪತಿ ನೋಡಿದ. ಕೆಳಗೆ ಇನ್ನೊಬ್ಬ ಗಣಪತಿ. ಅದರ ಕೆಳಗೆ ವೆಂಕಟರಮಣ, ಮತ್ತೆ ಗಣಪತಿ, ಬೆಣ್ಣೆ ತಿನ್ನುವ ಕೃಷ್ಣ, ಮತ್ತೆ ಗಣಪತಿ. ಎರಡನೆಯ ಪೆಟ್ಟಿಗೆಯಲ್ಲೂ ಇದೇ ಕಥೆ. ಎಲ್ಲ ಮದುವೆಯ ಕರೆಯೋಲೆಗಳು, ದಪ್ಪ ದಪ್ಪ, ಮಿರಮಿರ ಮಿಂಚುವವು, ಮೇಲೆ ಚಿನ್ನದ ಅಕ್ಷರ.

"ಕಾತ್ಯಾಯಿನಿ, ಇದೇನೇ ಇದು?"

ಕಾತ್ಯಾಯಿನಿ ಬಂದು ನೋಡಿದಳು. ಮೊಬೈಲು ತೆಗೆದು ಗಂಡ ಹಾಕಿದ್ದ ಸಂದೇಶವನ್ನು ಇನ್ನೊಮ್ಮೆ ಓದಿದಳು. ಹಣೆ ಚಚ್ಚಿಕೊಂಡಳು. "ರೀ, ಅವ್ರು ನಿಮಗೆ ರದ್ದಿ ಕೊಟ್ಟಿಲ್ಲ. ಎಸೆಯೋಕೆ ಭಯ ಇರೋದನ್ನ ಕೊಟ್ಟಿದಾರೆ. ನೀರಲ್ಲಿ ಮುಳುಗಿಸ್ತೀನಿ, ಮಣ್ಣಿಗೆ ಸೇರಿಸ್ತೀನಿ ಅಂದ್ರೆ ಏನರ್ಥ? ವಿಸರ್ಜನೆ! ನೀವು ಇಡೀ ಗ್ವಿನೆಟ್ ಕೌಂಟಿಗೆ ಗಣಪತಿ ವಿಸರ್ಜನೆ ಮಾಡ್ಕೊಡ್ತೀನಿ ಅಂತ ಪ್ರಾಮಿಸ್ ಮಾಡಿದೀರ."

ಅಷ್ಟರಲ್ಲಿ ಹೊರಗೆ ಇನ್ನೆರಡು ಕಾರು ನಿಂತವು.

ಅಂದಿನಿಂದ ಮುರಳೀಧರನ ಗ್ಯಾರೇಜಿಗೆ ಜಾತ್ರೆ. ಡುಲುತ್‌ನಿಂದ ಬಂದರು, ಕರೋಲಿನಾದಿಂದ ಒಬ್ಬರು ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದರು. ಎಲ್ಲರೂ ಚಪ್ಪಲಿ ಬಿಟ್ಟು, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲನೆ ನಡೆದು ಬಂದು ಇಳಿಸಿ, ಒಂದು ನಿಮಿಷ ಕಣ್ಣು ಮುಚ್ಚಿ ನಿಂತು, ಹಗುರಾಗಿ ಹೋಗುತ್ತಿದ್ದರು. ಯಾಮಿನಿಯೂ ಬಂದು ತನ್ನ ಗೃಹಪ್ರವೇಶದ ಉಳಿದ ಆಹ್ವಾನಗಳನ್ನೆಲ್ಲ ಇಳಿಸಿ ಹೋದಳು. ಬೇಡ ಎನ್ನಲು ಮುರಳೀಧರ ಬಾಯಿ ತೆರೆದಾಗಲೆಲ್ಲ ಯಾರಾದರೊಬ್ಬರು ಕಣ್ಣೊರೆಸಿಕೊಂಡು "ದೊಡ್ಡ ಪುಣ್ಯದ ಕೆಲ್ಸ" ಎನ್ನುತ್ತಿದ್ದರು. ಕಾರು ಗ್ಯಾರೇಜಿನಿಂದ ರಸ್ತೆಗೆ ಬಂತು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎನ್ನುತ್ತಾರಲ್ಲ, ಮುರಳೀಧರ ಇರುವೆಯ ಗೂಡನ್ನೇ ಮನೆಗೆ ಕರೆದಿದ್ದ.

ಆದರೂ ಅವನ ಉತ್ಸಾಹ ಇಳಿಯಲಿಲ್ಲ. "ವಿಸರ್ಜನೆನೇ ಆಗ್ಲಿ ಬಿಡು! ಪೇಪರ್ ಪೇಪರೇ ತಾನೆ? ರುಬ್ಬಿದ್ರೆ ಕುಂಡ!" ಎಂದು ಒಂದು ರಾಶಿಯನ್ನು ನೆನೆಸಿದ. ಎರಡು ದಿನ ಬಿಟ್ಟು ನೋಡಿದರೆ ಕಾರ್ಡುಗಳು ಆಗ ತಾನೇ ಪ್ರೆಸ್ಸಿನಿಂದ ಬಂದ ಹಾಗೆ ಮಿಂಚುತ್ತಿದ್ದವು. ಮೇಲೆ ಪ್ಲಾಸ್ಟಿಕ್ಕಿನ ಪದರ, ಚಿನ್ನದ ಹಾಳೆ. ನೀರು ಒಳಗೆ ಇಳಿದೇ ಇಲ್ಲ. ಕಾತ್ಯಾಯಿನಿ ಸೊಪ್ಪು ತರಲು ಹೋಗಿದ್ದ ಹೊತ್ತು ನೋಡಿ ಮುರಳೀಧರ ಮಿಕ್ಸಿಗೆ ಒಂದು ಕಾರ್ಡು ಹಾಕಿ ತಿರುಗಿಸಿದ. ಮಿಕ್ಸಿ ಒಮ್ಮೆ ಗೊರಕೆ ಹೊಡೆದು, ಹೊಗೆ ಬಿಟ್ಟು, ನಿಂತಿತು.

ವಾಪಸು ಬಂದ ಕಾತ್ಯಾಯಿನಿ ಜಾರಿನಿಂದ ಕಾರ್ಡನ್ನು ಎಳೆದು ತೆಗೆದಳು. ಸ್ವಲ್ಪ ಮುದುಡಿತ್ತು, ಅಷ್ಟೇ. "ಹರಿಪ್ರಸಾದ ಮತ್ತು ಸ್ಮಿತಾ," ಎಂದು ಓದಿದಳು. "ಇವ್ರ ಡೈವೋರ್ಸ್ ಆಗಿ ಮೂರು ವರ್ಷ ಆಯ್ತು. ಪತ್ರಿಕೆ ಮಾತ್ರ ಏನ್ ಗಟ್ಟಿ ನೋಡಿ." ಮಿಕ್ಸಿಯ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ಮುರಳೀಧರನಿಗೆ ನಿಜವಾದ ಭಯ ಹುಟ್ಟಿದ್ದು ಆಗಲೇ.

"ಎಲ್ಲಾನೂ ರೀಸೈಕಲ್ ಬಿನ್ನಿಗೆ..." ಎಂದು ಶುರುಮಾಡಿದ.

"ಗಣಪತಿನ? ಹಬ್ಬದ ವಾರದಲ್ಲಿ?"

ಉಗುಳುವಂತಿಲ್ಲ, ನುಂಗುವಂತಿಲ್ಲ, ಬಾಯಲ್ಲಿ ಬಿಸಿತುಪ್ಪ. ಮೊದಲಿನ ಮೂರು ಬಿಟ್ಟರೆ ಕುಂಡ ಒಂದೂ ಆಗಿಲ್ಲ, ಬಟ್ಟಲು ಬೆಂಗಳೂರಲ್ಲಿದೆ, ಭಾನುವಾರ ಹತ್ತಿರ ಬರುತ್ತಿದೆ.

ಇನ್ನೊಂದು ಕಡೆ, ಎದುರು ಮನೆಯ ಮಿಸ್ ಡಾರ್ಲೀನ್ ಇದನ್ನೆಲ್ಲ ಕಿಟಕಿಯಿಂದ ನೋಡುತ್ತಿದ್ದಳು. ಗಂಡನಿದ್ದರೂ ಹಿರಿಯ ಹೆಂಗಸರನ್ನು ಅಲ್ಲಿ ಗೌರವಕ್ಕೆ ಮಿಸ್ ಎಂದೇ ಕರೆಯುತ್ತಾರೆ. ಆಕೆ ಕಾಲೊನಿಯ ಹೌಸಿಂಗ್ ಕಮಿಟಿಯಲ್ಲಿದ್ದಾಕೆ. ಹುಲ್ಲು ಅರ್ಧ ಇಂಚು ಹೆಚ್ಚು ಬೆಳೆದರೆ ಬಾಗಿಲು ತಟ್ಟುವವಳು. ಆಕೆಗೆ ಕಂಡದ್ದಿಷ್ಟು: ದಿನವಿಡೀ ಕಾರುಗಳು, ಗಂಭೀರ ಮುಖದ ಜನ, ಕೈಯಲ್ಲಿ ಪೆಟ್ಟಿಗೆ, ಬರಿಗಾಲು, ಕಣ್ಣೊರೆಸಿಕೊಂಡು ಹೊರಡುವ ಹೆಂಗಸರು. ಅಮೆರಿಕದ ದಕ್ಷಿಣ ಸೀಮೆಯವರಿಗೆ ಇದರ ಅರ್ಥ ಒಂದೇ.

ಆಕೆ ಮೊದಲು ಒಂದು ದೊಡ್ಡ ಪಾತ್ರೆಯಲ್ಲಿ ಚೀಸು ಸುರಿದ ಆಲೂಗಡ್ಡೆ ತಂದು ಕೊಟ್ಟು, ಕಾತ್ಯಾಯಿನಿಯನ್ನು ತಬ್ಬಿ, ಏನೂ ಹೇಳದೆ ಹೋದಳು. ಅರಿಶಿನ-ಕುಂಕುಮದ ಸುದ್ದಿ ಹೇಗೋ ಗೊತ್ತಾಗಿರಬೇಕು ಎಂದು ಕಾತ್ಯಾಯಿನಿ ಖುಷಿಪಟ್ಟಳು. ಸಂಜೆ ಪಕ್ಕದ ಮನೆಯವರು ಬಾಳೆಹಣ್ಣಿನ ಪುಡಿಂಗ್ ತಂದರು. ಮೂಲೆ ಮನೆಯವರು ಬೀನ್ಸು. ಯಾರೋ ಒಬ್ಬರು ಬಿಳಿ ಹೂವಿನ ಗುಚ್ಛ ಬಾಗಿಲಲ್ಲಿಟ್ಟು ಹೋದರು. ಮುರಳೀಧರ ಎಲ್ಲರಿಗೂ ಹಲ್ಲು ಬಿಟ್ಟು ಕೈ ಕುಲುಕುತ್ತಿದ್ದ. ಪಾಪ, ಎಷ್ಟು ಧೈರ್ಯವಾಗಿದ್ದಾನೆ ಎಂದು ಅವರು ಮಾತಾಡಿಕೊಂಡರು.

ಗುರುವಾರ ಮಿಸ್ ಡಾರ್ಲೀನ್ ತಡೆಯಲಾರದೆ ಗ್ಯಾರೇಜಿಗೇ ಬಂದಳು. ಮುರಳೀಧರ ಪೆಟ್ಟಿಗೆಗಳ ನಡುವೆ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ.

"ಹನಿ," ಎಂದಳು ಆಕೆ ಮೆಲ್ಲನೆ, ತನ್ನ ರಾಗದ ಇಂಗ್ಲಿಷಿನಲ್ಲಿ. "ಕೇಳಬಾರದು, ಆದರೂ ಕೇಳುತ್ತೇನೆ. ಯಾರು ತೀರಿಕೊಂಡದ್ದು?"

"ನನ್ನ ಮಿಕ್ಸಿ," ಎಂದಳು ಒಳಗಿನಿಂದ ಬಂದ ಕಾತ್ಯಾಯಿನಿ.

ಎಲ್ಲ ಬಿಡಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು. ಸಾವಿಲ್ಲ, ಮದುವೆಯ ಕಾರ್ಡುಗಳು. ಕಾರ್ಡಿನ ಮೇಲೆ ದೇವರು. ದೇವರನ್ನು ಕಸಕ್ಕೆ ಹಾಕುವಂತಿಲ್ಲ. ಸಾವಿನ ಮನೆಗೆಂದು ಪದ್ಧತಿಯಂತೆ ತಂದುಕೊಟ್ಟ ಅಷ್ಟು ಆಲೂಗಡ್ಡೆಯನ್ನು ಸುಮ್ಮನೆ ತಿಂದದ್ದಕ್ಕೆ ಆಕೆ ಬೈಯುತ್ತಾಳೆಂದು ಮುರಳೀಧರ ಕಾಯುತ್ತಿದ್ದ. ಮಿಸ್ ಡಾರ್ಲೀನ್ ಮಾತ್ರ ಗಣಪತಿಗಳನ್ನೇ ನೋಡುತ್ತ ನಿಂತಳು. ಕೆನ್ನೆ ಕೆಂಪಾಯಿತು. ಸರಸರನೆ ರಸ್ತೆ ದಾಟಿ ಮನೆಗೆ ಹೋದಳು.

"ಕಮಿಟಿಗೆ ಕಂಪ್ಲೇಂಟ್ ಕೊಡಕ್ಕೆ ಹೋದ್ಳು," ಎಂದ ಮುರಳೀಧರ.

ಆಕೆ ಒಂದು ಕೈಗಾಡಿ ತಳ್ಳಿಕೊಂಡು ವಾಪಸು ಬಂದಳು. ಗಾಡಿಯ ತುಂಬ ರಟ್ಟಿನ ಪೆಟ್ಟಿಗೆ. "ನಲವತ್ತು ವರ್ಷದ ಚರ್ಚಿನ ಹಾಳೆಗಳು," ಎಂದಳು ಪಿಸುಮಾತಿನಲ್ಲಿ, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ. "ಪ್ರತಿ ಭಾನುವಾರ ಒಂದು ಕೊಡುತ್ತಾರೆ. ಮೇಲೆ ಪ್ರಭುವಿನ ಚಿತ್ರ. ಹೇಗೆ ಎಸೆಯಲಿ? ನನ್ನ ಗಂಡನಿಗೂ ಹೇಳಿಲ್ಲ. ಕ್ಲಾಸೆಟ್ಟಿನ ಮೇಲಿನ ಹಲಗೆಯಲ್ಲಿ ಇಟ್ಟುಕೊಂಡಿದ್ದೇನೆ."

ಮುರಳೀಧರ ಒಂದು ಹಾಳೆ ಎತ್ತಿದ. ತೆಳ್ಳನೆಯ, ಒರಟು, ಅಗ್ಗದ ಕಾಗದ, ಮಿಂಚಿಲ್ಲ, ಚಿನ್ನವಿಲ್ಲ. ಬಕೆಟ್ಟಿನಲ್ಲಿ ಅದ್ದಿದ. ನೋಡುತ್ತಿದ್ದ ಹಾಗೆ ಮೆತ್ತಗಾಗಿ ಬೆರಳ ಸಂದಿಯಲ್ಲಿ ಇಳಿಯಿತು. "ಕಾತ್ಯಾಯಿನೀ!" ಎಂದು ಅವನು ಕೂಗಿದ ಕೂಗಿಗೆ ಬೀದಿಯ ನಾಯಿಗಳೆಲ್ಲ ಬೊಗಳಿದವು. "ಕರಗ್ತಾ ಇದೆ ಕಣೇ!"

ಆಮೇಲೆ ನಡೆದದ್ದು ಯುದ್ಧ. ಮಿಸ್ ಡಾರ್ಲೀನಳ ಗಂಡ ಪೇಂಟ್ ಕಲಕುವ ಡ್ರಿಲ್ ತಂದು ಬಕೆಟ್ಟಿನಲ್ಲಿ ಇಳಿಬಿಟ್ಟ. ಅದೂ ಎಡದಿಂದ ಬಲಕ್ಕೇ ತಿರುಗಿತು. ಮನೆಯ ಲೋಟಗಳೆಲ್ಲ ಅಚ್ಚಾದವು. ಶುಕ್ರವಾರ ಬೆಳಗ್ಗೆ ಡ್ರೈವ್‌ವೇ ಮೇಲೆ ಸಾಲು ಸಾಲಾಗಿ ಕುಂಡಗಳನ್ನು ಬಿಸಿಲಿಗಿಟ್ಟರು.

ಜಾರ್ಜಿಯಾದ ವಸಂತವನ್ನು ಬಲ್ಲವರು ಇಷ್ಟು ಹೊತ್ತಿಗೆ ನಕ್ಕಿರುತ್ತಾರೆ. ಆ ದಿನಗಳಲ್ಲಿ ಪೈನ್ ಮರಗಳು ಹಳದಿ ಪರಾಗವನ್ನು ಹಿಟ್ಟು ಜರಡಿ ಹಿಡಿದಂತೆ ಸುರಿಸುತ್ತವೆ; ಕಾರು, ಕಟ್ಟೆ, ನಾಯಿ ಎಲ್ಲ ಹಳದಿ. ಶನಿವಾರ ನೋಡಿದರೆ ಬಿಳಿ ಕುಂಡಗಳೆಲ್ಲ ಹಳದಿಯಾಗಿದ್ದವು. ಕುಂಡ ಹಸಿಯಿದ್ದಾಗಲೇ ಪರಾಗ ಕೂತಿದ್ದರಿಂದ ಒರೆಸಿದರೂ ಹೋಗಲೊಲ್ಲದು.

"ಹಾಳಾಯ್ತು," ಎಂದ ಮುರಳೀಧರ, ಸೀನುತ್ತ.

ಕಾತ್ಯಾಯಿನಿ ಕುಂಡ ತಿರುಗಿಸಿ ನೋಡಿದಳು. ಗ್ಯಾರೇಜಿನ ಗಣಪತಿಗಳನ್ನು ನೋಡಿದಳು. ಮತ್ತೆ ಕುಂಡ ನೋಡಿದಳು. ಆ ವಾರದಲ್ಲಿ ಮೊದಲ ಬಾರಿಗೆ ಅವಳ ಮುಖದಲ್ಲಿ ನಗು ಕಂಡಿತು. "ರೀ, ಯಾವ ಪೆಟ್ಟಿಗೆ ಯಾರದ್ದು ಅಂತ ನೆನಪಿದೆಯಾ?"

"ಎಲ್ಲಾ ನೆನಪಿದೆ. ಯಾಕೆ?"

"ಕತ್ತರಿ ತನ್ನಿ. ನೀರು ಇಳಿಯಲ್ಲ ಅಂದ್ರಲ್ಲ ಆ ಕಾರ್ಡಲ್ಲಿ? ಅದೇ ನಮಗೆ ಬೇಕಾಗಿರೋದು."

ಭಾನುವಾರ ನಲವತ್ತು ಹೆಂಗಸರು ರೇಷ್ಮೆ ಸೀರೆಯುಟ್ಟು ಬಂದರು. ಮಿಸ್ ಡಾರ್ಲೀನ್ ಹಣೆ ತುಂಬ ಕುಂಕುಮ ಇಟ್ಟುಕೊಂಡು ಮುಂದಿನ ಸಾಲಿನಲ್ಲೇ ಕುಳಿತಳು. ಕೋಸಂಬರಿ, ಪಾನಕ, ಹಾಡು ಎಲ್ಲ ಆಯಿತು. ತಾಂಬೂಲದ ಹೊತ್ತು ಬಂತು. ಮುರಳೀಧರ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಇಣುಕಿದ.

ಮೊದಲು ಸಾವಿತ್ರಿ ಆಂಟಿ. ಕಾತ್ಯಾಯಿನಿ ಎಲೆ, ಅಡಿಕೆ, ತೆಂಗಿನಕಾಯಿ ಕೊಟ್ಟು, ಜೊತೆಗೆ ಕುಂಡ ಕೊಟ್ಟಳು. ಹಳದಿ ಕುಂಡದಲ್ಲಿ ಹಸಿರು ಬದನೆ ಸಸಿ, ಸುತ್ತ ಮಿರಮಿರ ಮಿಂಚುವ ಚಿನ್ನದ ಕವಚ, ಅದರ ಮೇಲೆ ಗಣಪತಿ.

"ಅರಿಶಿನ ಹಚ್ಚಿದೀಯೇನಮ್ಮ ಕುಂಡಕ್ಕೆ! ಎಷ್ಟು ಲಕ್ಷಣವಾಗಿದೆ," ಎಂದು ಆಂಟಿ ಕಣ್ಣಿಗೊತ್ತಿಕೊಂಡರು. ನಿಜ ಹೇಳಲು ಮುರಳೀಧರ ಒಂದು ಹೆಜ್ಜೆ ಮುಂದೆ ಬಂದ. ಹೆಂಡತಿ ನೋಡಿದ ನೋಟಕ್ಕೆ ಎರಡು ಹೆಜ್ಜೆ ಹಿಂದೆ ಹೋದ.

ಯಾಮಿನಿ ತನ್ನ ಕುಂಡವನ್ನು ಸುತ್ತ ತಿರುಗಿಸಿ ಪರೀಕ್ಷಿಸಿದಳು. "ಎಲ್ಲಿ ಆರ್ಡರ್ ಮಾಡಿದ್ರಿ ಕಾತ್ಯಾಯಿನಿ? ಹ್ಯಾಂಡ್‌ಮೇಡಾ?" ಎನ್ನುತ್ತಿದ್ದವಳು ತಟ್ಟನೆ ನಿಂತಳು. "ಒಂದ್ನಿಮಿಷ. ಇದು ನಮ್ಮ ಗೃಹಪ್ರವೇಶದ ಕಾರ್ಡ್ ಅಲ್ವಾ?"

"ನಿಮ್ಮದೇ," ಎಂದಳು ಕಾತ್ಯಾಯಿನಿ. "ಹೋದ ವರ್ಷ ನೀವು ಬರೀ ಹೆಸರು ಕೆತ್ತಿಸಿದ್ರಿ. ನಾನು ಅವರವರ ಮನೆ ಶುಭಕಾರ್ಯಾನೇ ಹಾಕಿಸಿದೀನಿ. ಫುಲ್ ಪರ್ಸನಲೈಸ್ಡ್."

ನಲವತ್ತು ಹೆಂಗಸರೂ ತಮ್ಮ ತಮ್ಮ ಕುಂಡ ತಿರುಗಿಸಿ ನೋಡಿಕೊಂಡರು. "ಅಯ್ಯೋ, ನನ್ನ ಮದುವೇದು!" "ನಮ್ಮಣ್ಣನ ಮಗನ ಉಪನಯನ!" ಎಂಬ ಕೂಗು ಎದ್ದಿತು. ಒಬ್ಬರದ್ದು ಇನ್ನೊಬ್ಬರು ನೋಡಿದರು, ಫೋಟೋ ತೆಗೆದರು, ತಬ್ಬಿಕೊಂಡರು. ಯಾಮಿನಿ ಚಪ್ಪಾಳೆ ತಟ್ಟಲೇಬೇಕಾಯಿತು. ಕಾತ್ಯಾಯಿನಿಯ ಮುಖ ಅಂದು ಆರತಿಯ ತಟ್ಟೆಗಿಂತ ಹೆಚ್ಚು ಬೆಳಗಿತು. ರಾಕ್‌ವಿಲ್‌ನ ಬೇಸ್‌ಮೆಂಟ್ ಅಂದಿಗೆ ತಪ್ಪಿತು.

ತಾಂಬೂಲ ಹಾಕಿಕೊಟ್ಟ ಚೀಲದ ತಳದಲ್ಲಿ ಇನ್ನೂ ಏನೋ ಭಾರವಿದೆಯೆಂದು ಹೆಂಗಸರಿಗೆ ತಿಳಿದದ್ದು ಕಾರಿನ ಹತ್ತಿರ ಹೋದ ಮೇಲೆ. ಅವರವರ ಉಳಿದ ಕಾರ್ಡುಗಳೆಲ್ಲ ಒಪ್ಪವಾಗಿ ಕಟ್ಟಿ, ಅರಿಶಿನ-ಕುಂಕುಮ ಹಚ್ಚಿ ಅಲ್ಲಿ ಕುಳಿತಿದ್ದವು. ಕವಚ ಹಳತಾದರೆ ಬದಲಾಯಿಸಲಿ ಎಂದು ಕಾತ್ಯಾಯಿನಿಯ ಕಾಳಜಿ. ಗೌರಿಯ ತಾಂಬೂಲ, ಬೇಡ ಎನ್ನುವಂತಿಲ್ಲ, ವಾಪಸು ಕೊಡುವಂತಿಲ್ಲ.

ಗುರುದತ್ತ ಅಂಕಲ್ ವ್ಯಾನಿನಲ್ಲಿ ಹೆಂಡತಿಗಾಗಿ ಕಾಯುತ್ತಿದ್ದರು. ಸಾವಿತ್ರಿ ಆಂಟಿಯ ಜೊತೆ ಮುರಳೀಧರ ಹೊತ್ತು ತಂದ ಚೀಲ ಒಂದಲ್ಲ, ಮೂರು. ಕುಂಡ ಕೈಗೆ ತೆಗೆದುಕೊಂಡು ಕನ್ನಡಕ ಏರಿಸಿದರು. "ಲೋ ಮುರಳಿ, ಇದು ನಮ್ಮ ಮಗ ಸುಮುಖನ ಮದುವೆ ಪತ್ರಿಕೆ ಅಲ್ವೇನೋ?"

"ಹೌದು ಅಂಕಲ್. ಆಂಟಿ ತುಂಬ ಖುಷಿಪಟ್ರು."

ಅಂಕಲ್ ಅದನ್ನು ಕಣ್ಣಿಗೊತ್ತಿಕೊಂಡರು. ಮೂರು ಚೀಲಗಳ ಕಡೆ ನೋಡಿದರು. ಧ್ವನಿ ಸ್ವಲ್ಪ ಇಳಿಯಿತು. "ಸಸಿ ನೆಟ್ಟಾದ್ಮೇಲೆ ಇದನ್ನೆಲ್ಲ ಏನಯ್ಯ ಮಾಡೋದು?"

"ಭದ್ರವಾಗಿ ಇಟ್ಕೊಳ್ಳಿ ಅಂಕಲ್," ಎಂದ ಮುರಳೀಧರ, ಭಕ್ತಿಯಿಂದ ಕೈಮುಗಿದು. "ಎಸೆಯೋ ಹಾಗಿಲ್ಲ."

ಅಂಕಲ್ ಅವನ ಭುಜದ ಮೇಲಿಂದ ಗ್ಯಾರೇಜಿನ ಕಡೆ ಕತ್ತು ಚಾಚಿ ನೋಡಿದರು. ಅಲ್ಲಿ ಆಗಲೇ ಕಾರು ನಿಂತಿತ್ತು.